ಭಾಗವತನ ಕಂಠ, ಸಭೆಯ ಕಿವಿ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆಯಲ್ಲಿ ತರುಣನೊಬ್ಬನ ಕಂಠಕ್ಕೆ ಹೆಸರು ಬರುವುದು ಸಭಾಭವನದ ಕಚೇರಿಯಿಂದಲ್ಲ. ದೀಪಾವಳಿ ಕಳೆದು, ಮೇಳಗಳು ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಟ ಮೇಲೆ, ಕೊಯ್ಲಾದ ಗದ್ದೆಯಲ್ಲಿ ಇರುಳೆಲ್ಲ ನಡೆಯುವ ಆಟದಲ್ಲಿ ಆ ಹೆಸರು ಹುಟ್ಟುತ್ತದೆ. ಬೆಳಗಾದೊಡನೆ ಅದು ಮೊದಲ ಬಸ್ಸನ್ನೇರಿ ಮೀನುಪೇಟೆಗೂ ಹೋಟೆಲಿಗೂ ಶಾಲೆಯ ಜಗಲಿಗೂ ತಲುಪುತ್ತದೆ. “ನಿನ್ನೆ ಪದ್ಯ ಹೇಳಿದ್ ಮಾಣಿ ಯಾರ್?” ಎಂದು ಒಬ್ಬರು ಇನ್ನೊಬ್ಬರನ್ನು ಕೇಳಿದರೆಂದರೆ, ಆ ಹುಡುಗನ ಕುರಿತ ಮೊದಲ ವಿಮರ್ಶೆ ಪ್ರಕಟವಾಯಿತೆಂದೇ ತಿಳಿಯಬೇಕು. ಅಂಥ ಪ್ರಶ್ನೆಗೆ ಪಾತ್ರನಾಗಿ, ಮೂವತ್ತು ತುಂಬುವ ಮೊದಲೇ ಬಡಗುತಿಟ್ಟಿನ ಮನೆಮಾತಾದವರು ಗುಂಡ್ಮಿ ಕಾಳಿಂಗ ನಾವಡರು. ಅವರಿಗೆ ಸಂದ ಹೊಗಳಿಕೆಯ ಕಥೆ ಕೇವಲ ಒಬ್ಬ ಗಾಯಕನ ಕಥೆಯಲ್ಲ. ಹೊಗಳುವವರ ಹೊಣೆ ಎಂಥದು ಎಂಬುದರ ಕಥೆಯೂ ಹೌದು.

ಪಾಶ್ಚಾತ್ಯರ ಸಂಗೀತನಾಟಕವಾದ ಆಪೆರಾದಲ್ಲಿ ಟೆನರ್ ಎಂಬ ಎತ್ತರದ ಗಂಡುಕಂಠಕ್ಕೆ ವಿಶೇಷ ಗೌರವವುಂಟು. ಬಹುಪಾಲು ನಾಟಕಗಳಲ್ಲಿ ಕಥಾನಾಯಕನ ಪಾತ್ರ ಅವನದೇ. ವೇಷ ಧರಿಸಿ, ಅಭಿನಯಿಸಿ, ಧ್ವನಿವರ್ಧಕದ ನೆರವಿಲ್ಲದೆ ವಾದ್ಯವೃಂದವನ್ನು ಮೀರಿ ಅವನು ಹಾಡಬೇಕು. ಹೊಸ ಟೆನರ್ ಒಬ್ಬನು ಉದಯಿಸಿದನೆಂದರೆ ಯುರೋಪಿನ ಪತ್ರಿಕೆಗಳು ಅಂಕಣಗಳನ್ನೇ ತುಂಬಿಸುತ್ತವೆ. ಭಾಗವತನ ಪಾಡು ಇದಕ್ಕಿಂತ ವಿಲಕ್ಷಣವಾದುದು. ಅವನಿಗೆ ವೇಷವಿಲ್ಲ, ಕಿರೀಟವಿಲ್ಲ. ಆದರೂ ರಾಮನಿಗೆ ಅವನೇ ಕಂಠ, ರಾವಣನಿಗೂ ಅವನೇ ಕಂಠ. ದ್ರೌಪದಿಯ ಅಳಲೂ ಅವನದೇ, ದುಶ್ಶಾಸನನ ಅಬ್ಬರವೂ ಅವನದೇ. ಅವನು ಪದ್ಯವನ್ನೆತ್ತಿದರೆ ವೇಷ ಕುಣಿಯಬೇಕು. ನಿಲ್ಲಿಸಿದರೆ ವೇಷಧಾರಿ ಅರ್ಥ ಹೇಳಬೇಕು. ಯಾವ ಪದ್ಯವನ್ನು ಹಿಗ್ಗಿಸಬೇಕು, ಯಾವುದನ್ನು ಬಿಟ್ಟುಬಿಡಬೇಕು, ಬೆಳಕು ಹರಿಯುವ ಹೊತ್ತಿಗೆ ಪ್ರಸಂಗವನ್ನು ಹೇಗೆ ಮಂಗಳಕ್ಕೆ ಮುಟ್ಟಿಸಬೇಕು ಎಂಬುದೆಲ್ಲ ಅವನ ವಿವೇಚನೆಗೆ ಬಿಟ್ಟ ವಿಷಯ. ಗಾಯಕನೂ ನಿರ್ದೇಶಕನೂ ಅವನೊಬ್ಬನೇ. ಮೇಳದ ಮೊದಲನೆಯ ವೇಷಧಾರಿ ಭಾಗವತನೇ ಎಂದು ಹಿರಿಯರು ಹೇಳುವುದು ಈ ಕಾರಣದಿಂದ.

ಇಂಥ ಹೊಣೆ ಹುಡುಗರ ಕೈಗೆ ಸುಲಭವಾಗಿ ಬರತಕ್ಕದ್ದಲ್ಲ. ಬಡಗುತಿಟ್ಟಿನ ಮೇಳಗಳಲ್ಲಿ ಎರಡನೆಯ ಭಾಗವತನಿಗೆ ಸಂಗೀತಗಾರನೆಂಬ ಹೆಸರು. ಸಂಜೆಯ ಪೂರ್ವರಂಗಕ್ಕೆ, ಕೋಡಂಗಿ ಬಾಲಗೋಪಾಲರ ಕುಣಿತಕ್ಕೆ, ಸಭೆಯಿನ್ನೂ ನೆರೆಯುತ್ತಿರುವಾಗ ಅವನು ಹಾಡಬೇಕು. ಜನ ಚಾಪೆ ಹಾಸುವ ಗಲಾಟೆ, ಮಕ್ಕಳ ಅಳು, ನೆಲಗಡಲೆ ಮಾರುವವರ ಕೂಗು, ಇವುಗಳ ನಡುವೆ ಕಂಠವನ್ನು ತಿದ್ದಿಕೊಳ್ಳಬೇಕು. ಪ್ರಸಂಗದ ತಿರುಳು ಬರುವ ನಡುವಿರುಳಿಗೆ ಪ್ರಧಾನ ಭಾಗವತರು ಬಂದು ಕುಳಿತರೆಂದರೆ ತಾನು ಎದ್ದು ಜಾಗ ಬಿಡಬೇಕು. ಯಾವ ಜಾವದಲ್ಲಿ ಹಾಡಲು ಕುಳಿತಿದ್ದಾನೆಂಬುದರ ಮೇಲೆಯೇ ಭಾಗವತನ ಯೋಗ್ಯತೆಯನ್ನು ಅಳೆಯಬಹುದಾಗಿತ್ತು.

ಕಾಳಿಂಗ ನಾವಡರು ಹುಟ್ಟಿದ್ದು 1958ರಲ್ಲಿ, ಇಂದಿನ ಬ್ರಹ್ಮಾವರ ತಾಲ್ಲೂಕಿನ ಗುಂಡ್ಮಿಯಲ್ಲಿ. ಸಾಲಿಗ್ರಾಮ, ಕೋಟ, ಐರೋಡಿ, ಹಂಗಾರಕಟ್ಟೆಗಳ ನಡುವಿನ ಆ ಕರಾವಳಿಯ ತುಣುಕಿನಲ್ಲಿ ಚೆಂಡೆಯ ಸದ್ದು ಕೇಳದೆ ಬೆಳೆದ ಮಗುವಿಲ್ಲ. ತಂದೆ ರಾಮಚಂದ್ರ ನಾವಡರೂ ಭಾಗವತರು. ಹೀಗಾಗಿ ತಾಳ, ಮಟ್ಟುಗಳು ಮನೆಯ ಮಾತಿನೊಡನೆಯೇ ಹುಡುಗನ ಕಿವಿಗೆ ಬಿದ್ದವು. ಮುಂದೆ ದೊರೆತ ಗುರು ನಾರಣಪ್ಪ ಉಪ್ಪೂರರು. ಹಳೆಯ ನಡೆಯನ್ನು ಚೆನ್ನಾಗಿ ಬಲ್ಲ, ರಂಗವನ್ನು ಬೆರಳ ತುದಿಯಲ್ಲಿ ಆಡಿಸಬಲ್ಲ ಭಾಗವತರೆಂದು ಹೆಸರಾದವರು. ಅವರ ಬಳಿ ಪಳಗಿದ ಕಂಠ ಸಾಲಿಗ್ರಾಮ ಮೇಳದ ಡೇರೆಯೊಳಗೆ ಪ್ರಧಾನ ಭಾಗವತನದಾಗಿ ಮೊಳಗತೊಡಗಿದಾಗ ಕರಾವಳಿಯ ಆಟದ ಲೋಕದಲ್ಲಿ ಹೊಸದೊಂದು ಸಂಗತಿ ಸಂಭವಿಸಿತು. ಅದುವರೆಗೆ ಜನ ಇಂಥ ವೇಷಧಾರಿಯ ಕರ್ಣನನ್ನು ನೋಡಬೇಕು, ಇಂಥವರ ಹಾಸ್ಯವನ್ನು ಕೇಳಬೇಕು ಎಂದು ಆಟಕ್ಕೆ ಹೋಗುತ್ತಿದ್ದರು. ಈಗ ಪದ್ಯ ಕೇಳುವುದಕ್ಕೆಂದೇ ಚೀಟಿ ಕೊಂಡು ಡೇರೆಯೊಳಗೆ ಬರುವವರ ಗುಂಪೊಂದು ಬೆಳೆಯಿತು. “ರಸರಾಗ ಚಕ್ರವರ್ತಿ” ಎಂಬ ಬಿರುದು ಅವರ ಹೆಸರಿನೊಡನೆ ಇಂದಿಗೂ ಅಂಟಿಕೊಂಡಿದೆ.

ಅವರ ಕಂಠದಲ್ಲಿ ಅಂಥದೇನಿತ್ತು? ಇಂಪಿತ್ತು ಎಂದುಬಿಡುವುದು ಸುಲಭ. ಆದರೆ ಕುಂದಾಪುರದ ಕಡೆಯ ಹಳೆಯ ಪ್ರೇಕ್ಷಕನು ಇಂಪೊಂದಕ್ಕೇ ಮಣಿಯುವವನಲ್ಲ. ಅವನ ಕೈಯಲ್ಲಿ ಮೂರು ಒರೆಗಲ್ಲುಗಳಿವೆ.

ಮೊದಲನೆಯದು ಅಕ್ಷರ. ಆಟದ ಪದ್ಯ ಕಥೆಯನ್ನು ಹೇಳತಕ್ಕದ್ದು. ಅದರ ಮಾತು ಕೇಳಿಸದಿದ್ದರೆ ಹಿಂದಿನ ಸಾಲಿನ ಅಜ್ಜಿಗೆ ಕಥೆಯೇ ತಪ್ಪಿಹೋಗುತ್ತದೆ. ವೇಷಧಾರಿಗೆ ಅರ್ಥ ಹೇಳಲು ಎಳೆ ಸಿಗುವುದಿಲ್ಲ. “ಸ್ವರ ಲಾಯ್ಕ್ ಇತ್ತ್, ಅಕ್ಷರ ಕೇಂತಿಲ್ಲೆ” ಎಂದು ಅಲ್ಲಿಯ ಜನ ಹೇಳಿದರೆ ಅದು ಭಾಗವತನಿಗೆ ನಪಾಸಾದ ಪ್ರಮಾಣಪತ್ರವೇ ಸರಿ. ನಾವಡರ ಧ್ವನಿಮುದ್ರಿಕೆಗಳನ್ನು ಇಂದು ಕೇಳಿದವರಿಗೂ ಮೊದಲು ಹೊಳೆಯುವ ಗುಣ ಈ ಸ್ಪಷ್ಟತೆ. ಧ್ವನಿ ಎಷ್ಟೇ ಮೇಲಕ್ಕೆ ಏರಲಿ, ಪದದ ಅಂಚು ಒಡೆಯುವುದಿಲ್ಲ.

ಎರಡನೆಯದು ಲಯ. ಬಡಗಿನ ಚೆಂಡೆಯೂ ಮದ್ದಲೆಯೂ ಗಾಯಕನಿಗೆ ತಲೆಬಾಗಿ ಹಿಂದೆ ನಡೆಯುವ ವಾದ್ಯಗಳಲ್ಲ. ಅವು ಅವನೊಡನೆ ವಾದಿಸುತ್ತವೆ. ಏಕ, ಝಂಪೆ, ರೂಪಕ, ಅಷ್ಟ, ತ್ರಿವುಡೆ, ಮಟ್ಟೆ ಮೊದಲಾದ ತಾಳಗಳ ನಡುವೆ ಕೈಯಲ್ಲಿನ ತಾಳವನ್ನು ಬಿಡದೆ, ವೇಷದ ಹೆಜ್ಜೆಯ ಮೇಲೆ ಕಣ್ಣಿಟ್ಟು, ಹಾಡನ್ನು ಎಳೆದು ಮತ್ತೆ ಸರಿಯಾದ ಪೆಟ್ಟಿಗೆ ತಂದಿಳಿಸುವುದು ಸಣ್ಣ ವಿದ್ಯೆಯಲ್ಲ.

ಮೂರನೆಯದು ಎಲ್ಲಕ್ಕಿಂತ ಕಠಿಣವಾದುದು. ಪದ್ಯದಿಂದ ಪಾತ್ರಕ್ಕೆ ಏನಾಯಿತು? ಪದ್ಯ ಮುಗಿದಾಗ ಸಭೆ ಭಾಗವತನತ್ತ ತಿರುಗಿ ನೋಡಿದರೆ ಅದು ಅರ್ಧ ಗೆಲುವು. ರಂಗದ ನಡುವೆ ನಿಂತ ಚಂದ್ರಮತಿಯನ್ನೋ ದಮಯಂತಿಯನ್ನೋ ನೋಡಿ ಕಣ್ಣೊರೆಸಿಕೊಂಡರೆ ಮಾತ್ರ ಪೂರ್ಣ ಗೆಲುವು. ನಾವಡರು ಹಿಂದೂಸ್ತಾನೀ ಮತ್ತು ಕರ್ನಾಟಕ ಪದ್ಧತಿಗಳ ಅನೇಕ ರಾಗಗಳನ್ನು ಬಡಗಿನ ಪದ್ಯಗಳಿಗೆ ಹೊಂದಿಸಿದರು. ಅವರ ಉತ್ತಮ ಗಾಯನದಲ್ಲಿ ಈ ರಾಗಗಳು ಅಲಂಕಾರಕ್ಕೆಂದು ತೊಡಿಸಿದ ಒಡವೆಯಂತೆ ಕಾಣದೆ, ಪಾತ್ರದ ಮನಸ್ಸಿನೊಳಗಿಂದಲೇ ಹೊರಟಂತೆ ಕೇಳಿಸಿದವು. ಜನ ಒಲಿದದ್ದು ಇದಕ್ಕೆ.

ಕಾಲವೂ ಅವರಿಗೆ ನೆರವಾಯಿತೆಂಬುದನ್ನು ಮರೆಯಲಾಗದು. ಧ್ವನಿವರ್ಧಕ ಬರುವುದಕ್ಕೆ ಮುಂಚೆ ಭಾಗವತನ ಮೊದಲ ಕರ್ತವ್ಯ ಗದ್ದೆಯ ಕೊನೆಯ ಅಂಚಿನವರೆಗೆ ಕೇಳಿಸುವುದು. ಕೀಲು ಕಟ್ಟಿದ ಮದ್ದಲೆ, ಮೈನಡುಗಿಸುವ ಚೆಂಡೆ, ಇವುಗಳ ಮೇಲೆ ತೇಲಬೇಕಾದರೆ ಎತ್ತರದ ಶ್ರುತಿಯಲ್ಲಿ ಎದೆ ಬಿಚ್ಚಿ ಹಾಡಲೇಬೇಕು. ಧ್ವನಿವರ್ಧಕ ಬಂದ ಮೇಲೆ ಪಿಸುಮಾತಿಗೂ ಬಯಲಿನಲ್ಲಿ ಜಾಗ ದೊರೆಯಿತು. ಮೆಲುದನಿಯ ಆಲಾಪನೆ, ಸ್ವರದ ಸಣ್ಣ ನಡುಕ, ಸಾಲಿನ ಕೊನೆಯಲ್ಲಿ ಇಳಿದು ಕರಗುವ ದನಿ ಸಾಧ್ಯವಾದುದು ಆ ಯಂತ್ರದಿಂದ. ಆ ಹೊಸ ಅನುಕೂಲವನ್ನು ಬಡಗಿನಲ್ಲಿ ಕಲೆಯಾಗಿ ಮಾರ್ಪಡಿಸಿದವರಲ್ಲಿ ನಾವಡರು ಅಗ್ರಗಣ್ಯರು.

ಹೀಗೆಂದ ಮಾತ್ರಕ್ಕೆ ಎಲ್ಲರೂ ಒಪ್ಪಿದರೆಂದಲ್ಲ. ಡೇರೆ ಮೇಳವೆಂದರೆ ಚೀಟಿಯ ಹಣದಿಂದ ಬದುಕಬೇಕಾದ ಸಂಸ್ಥೆ. ಮಂದಾರ್ತಿಯ ಅಥವಾ ಮಾರಣಕಟ್ಟೆಯ ಮೇಳಕ್ಕೆ ಹರಕೆಯ ಆಟಗಳುಂಟು. ಭಕ್ತರು ವರ್ಷಗಟ್ಟಲೆ ಮೊದಲೇ ಹೆಸರು ಬರೆಸಿ ಕಾಯುತ್ತಾರೆ. ಡೇರೆ ಮೇಳಕ್ಕಾದರೋ ಪ್ರತಿ ಸಂಜೆಯೂ ಹೊಸ ಪರೀಕ್ಷೆ. ಸಿನಿಮಾದ ಪೈಪೋಟಿಯಲ್ಲಿ ಜನರನ್ನು ಸೆಳೆಯಲು ಪುರಾಣವನ್ನು ಬಿಟ್ಟು ಕಲ್ಪಿತ ಕಥೆಗಳ ಹೊಸ ಪ್ರಸಂಗಗಳು ಹುಟ್ಟಿದವು. ನಾವಡರು ಸ್ವತಃ ಪ್ರಸಂಗಕರ್ತರು. ಅವರ “ನಾಗಶ್ರೀ” ಸಾಲಿಗ್ರಾಮ ಮೇಳಕ್ಕೆ ಅಪಾರ ಜನರನ್ನು ತಂದುಕೊಟ್ಟಿತು. ಆದರೆ ಸಂಪ್ರದಾಯಸ್ಥರಾದ ವಿಮರ್ಶಕರು ಹುಬ್ಬು ಗಂಟಿಕ್ಕಿದರು. ಹೊಸ ಪ್ರಸಂಗಗಳು ಯಕ್ಷಗಾನವನ್ನು ಸಿನಿಮಾದ ಹೊಸ್ತಿಲಿಗೆ ತಂದು ನಿಲ್ಲಿಸುತ್ತಿವೆ, ಹೊರಗಿನ ರಾಗಗಳ ವಿಸ್ತಾರದಲ್ಲಿ ಹಳೆಯ ಮಟ್ಟುಗಳು ಮರೆಯಾಗುತ್ತಿವೆ, ಆಲಾಪನೆ ಬೆಳೆದಷ್ಟೂ ವೇಷ ಕಾದು ನಿಲ್ಲಬೇಕಾಗಿದೆ ಎಂಬುದು ಅವರ ಆಕ್ಷೇಪ.

ಈ ಆಕ್ಷೇಪವನ್ನು ಮುದುಕರ ಗೊಣಗಾಟವೆಂದು ತಳ್ಳಿಹಾಕುವುದು ಅನ್ಯಾಯ. ಹಳೆಯ ಮಟ್ಟು ಒಮ್ಮೆ ಬಾಯಿಂದ ತಪ್ಪಿದರೆ ಮರಳಿ ದೊರೆಯುವುದು ಕಷ್ಟ. ಅದೇ ಸೀಮೆಯ ಕೋಟದವರಾದ ಶಿವರಾಮ ಕಾರಂತರು ವರ್ಷಗಟ್ಟಲೆ ಊರೂರು ಅಲೆದು ಯಕ್ಷಗಾನದ ಹಾಡುಗಬ್ಬ, ತಾಳ, ವೇಷಗಳನ್ನು ಶೋಧಿಸಿದುದು ಈ ಅಳಿವಿನ ಭಯದಿಂದಲೇ. ಅವರ “ಯಕ್ಷಗಾನ ಬಯಲಾಟ” ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಆದರೆ ಅದೇ ಕಾರಂತರು ತಮ್ಮ ಪ್ರಯೋಗಗಳಲ್ಲಿ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ಹಿಮ್ಮೇಳಕ್ಕೆ ಸೇರಿಸಿದರೆಂಬುದೂ ಅಷ್ಟೇ ನಿಜ. ಸಂಪ್ರದಾಯ ಮತ್ತು ನಾವೀನ್ಯಗಳ ನಡುವಿನ ಗೆರೆ ಸಮುದ್ರತೀರದ ಗೆರೆಯಂತೆ. ಪ್ರತಿ ಅಲೆಯೂ ಅದನ್ನು ಸ್ವಲ್ಪ ಅಳಿಸಿ ಹೊಸದಾಗಿ ಬರೆಯುತ್ತದೆ. ನಾವಡರನ್ನು ಟೀಕಿಸಿದವರಿಗೂ ಅವರ ಪದ್ಯವನ್ನು ಕೇಳದೆ ಇರಲಾಗಲಿಲ್ಲ. ಅವರನ್ನು ಮೆಚ್ಚಿದವರಲ್ಲಿಯೂ ಹೊಸ ಪ್ರಸಂಗಗಳ ಬಗ್ಗೆ ಅಳುಕುಳ್ಳವರಿದ್ದರು.

ಟೀಕೆಯ ಏಟು ತರುಣ ಗಾಯಕನ ಮೇಲೆ ಹೇಗೆ ಬೀಳುತ್ತದೆ ಎಂಬುದಕ್ಕೆ ಹೊರದೇಶದ ಉದಾಹರಣೆಯೊಂದಿದೆ. ಟೆನರ್‌ಗಳಲ್ಲಿ ಜಗತ್ಪ್ರಸಿದ್ಧನಾದ ಎನ್ರಿಕೊ ಕರೂಸೊ ಇಟಲಿಯ ನೇಪಲ್ಸ್ ನಗರದಲ್ಲಿ 1873ರಲ್ಲಿ ಹುಟ್ಟಿದವನು. ಬೇರೆಡೆ ಹೆಸರು ಗಳಿಸಿ, 28ರ ಹರೆಯದಲ್ಲಿ, 1901ರ ಕೊನೆಗೆ ತನ್ನೂರಿನ ಸಾನ್ ಕಾರ್ಲೊ ರಂಗಮಂದಿರದಲ್ಲಿ ಹಾಡಲು ಬಂದಾಗ ಊರಿನವರಿಂದ ನಿರೀಕ್ಷಿಸಿದ ಆದರ ದೊರೆಯಲಿಲ್ಲ. ಪತ್ರಿಕೆಯ ವಿಮರ್ಶೆಯೂ ಕಟುವಾಗಿತ್ತು. ಮನನೊಂದ ಅವನು ಆ ಋತುವಿನ ತರುವಾಯ ಬದುಕಿರುವ ತನಕ ನೇಪಲ್ಸಿನಲ್ಲಿ ಮತ್ತೆ ಹಾಡಲಿಲ್ಲ. ಕೆಲವೇ ತಿಂಗಳು ಕಳೆದು, 1902ರ ಏಪ್ರಿಲಿನಲ್ಲಿ, ಮಿಲಾನಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬವನು ಅವನ ಹತ್ತು ಹಾಡುಗಳನ್ನು ಗ್ರಾಮಫೋನಿಗೆ ಮುದ್ರಿಸಿಕೊಂಡನು. ಅದೇ ವರ್ಷದ ನವೆಂಬರಿನಲ್ಲಿ ಕಲಕತ್ತೆಗೆ ಬಂದು ಗೌಹರ್ ಜಾನಳ ಗಾಯನವನ್ನು ಮುದ್ರಿಸಿದವನೂ ಅದೇ ಗೈಸ್‌ಬರ್ಗ್. ತನ್ನೂರು ಬಿಗುಮಾನ ತೋರಿದ ಕಂಠವನ್ನು ತಟ್ಟೆಯೊಂದು ಲೋಕಕ್ಕೆಲ್ಲ ಹಂಚಿತು. ಮಿಲಾನಿನ ಲಾ ಸ್ಕಾಲಾದ ಮೇಲ್ಗಡೆಯ ಅಗ್ಗದ ಆಸನಗಳಲ್ಲಿ ಕೂರುವ ರಸಿಕರಂತೂ ಇಂದಿಗೂ ನಿಷ್ಠುರರು. 2006ರ ಡಿಸೆಂಬರಿನಲ್ಲಿ ಅವರ ಕೂಗಾಟಕ್ಕೆ ಬೇಸತ್ತು ರೊಬೆರ್ಟೊ ಅಲಾನ್ಯ ಎಂಬ ಖ್ಯಾತ ಟೆನರ್ ನಾಟಕದ ನಡುವೆಯೇ ರಂಗವನ್ನು ಬಿಟ್ಟು ನಡೆದನು.

ಕರಾವಳಿಯ ಪ್ರೇಕ್ಷಕನಿಗೆ ಕೂಗಾಡುವ ಚಾಳಿಯಿಲ್ಲ. ಪದ್ಯ ಹಿಡಿಸದಿದ್ದರೆ ಅವನು ಚಾಪೆಯ ಮೇಲೆ ಮೆಲ್ಲಗೆ ಮಗ್ಗುಲಾಗುತ್ತಾನೆ, ಅಥವಾ ಚಹಾದಂಗಡಿಯತ್ತ ಎದ್ದು ಹೋಗುತ್ತಾನೆ. ರಂಗದಲ್ಲಿ ಕುಳಿತ ಭಾಗವತನಿಗೆ ಅದೆಲ್ಲವೂ ಕಾಣುತ್ತದೆ. ನಾವಡರ ಪದ್ಯಕ್ಕೆ ಚಹಾದಂಗಡಿಯೇ ಬರಿದಾಗುತ್ತಿತ್ತೆಂದು ಜನ ಅಭಿಮಾನದಿಂದ ಹೇಳಿಕೊಳ್ಳುವುದುಂಟು.

ಕರೂಸೊವಿಗೆ ಗ್ರಾಮಫೋನ್ ತಟ್ಟೆಯಿದ್ದಂತೆ ನಾವಡರಿಗೆ ಕ್ಯಾಸೆಟ್ ಒದಗಿ ಬಂದಿತು. ಬೆಂಗಳೂರು, ಮುಂಬಯಿಗಳ ಹೋಟೆಲುಗಳಲ್ಲಿ ಲೆಕ್ಕ ಬರೆಯುತ್ತ, ಹಿಟ್ಟು ರುಬ್ಬುತ್ತ, ಊರಿನಿಂದ ದೂರವಿದ್ದ ಕುಂದಾಪುರದ ಸಾವಿರಾರು ಮಕ್ಕಳಿಗೆ ಆ ಪುಟ್ಟ ಪೆಟ್ಟಿಗೆಯೊಳಗಿನ ದನಿಯೇ ತವರಿನ ಗಾಳಿ. ಆದರೆ ಈ ಬೆಳಕಿನ ಬೆನ್ನಿಗೆ ಕತ್ತಲೆ ಕಾದಿತ್ತು. 1990ರ ಮೇ ತಿಂಗಳು, ಮೇಳಗಳ ತಿರುಗಾಟ ಮುಗಿಯುವ ಕಾಲ. ಆರು ತಿಂಗಳ ನಿದ್ರೆಗೆಟ್ಟ ಇರುಳುಗಳ ಬಳಿಕ ಕಲಾವಿದರು ಮನೆ ಸೇರುವ ದಿನಗಳು. ಆ ದಿನಗಳಲ್ಲಿ ಸಂಭವಿಸಿದ ರಸ್ತೆ ಅಪಘಾತದಲ್ಲಿ ಕಾಳಿಂಗ ನಾವಡರು ತೀರಿಕೊಂಡರು. ವಯಸ್ಸು 32 ತುಂಬಿರಲಿಲ್ಲ. ಸಂಗೀತಗಾರನ ಕಂಠ ಮಾಗಿ, ಅನುಭವ ಬೆಳೆದು, ಹೊಗಳಿಕೆ ಟೀಕೆಗಳೆರಡನ್ನೂ ಜೀರ್ಣಿಸಿಕೊಂಡು ತನ್ನದೇ ಹದಕ್ಕೆ ಬರುವ ವಯಸ್ಸದು.

ಅಕಾಲಮರಣ ಹೊಂದಿದ ಕಲಾವಿದನಿಗೆ ಟೀಕೆ ನಿಂತುಹೋಗುತ್ತದೆ. ಇದು ಮನುಷ್ಯಸಹಜ, ಆದರೆ ಕಲೆಗೆ ಇದರಿಂದ ಒಂದು ಕೇಡೂ ಉಂಟು. ನಿನ್ನೆಯವರೆಗೆ ವಾದಕ್ಕೆ ತೆರೆದಿದ್ದ ಶೈಲಿ ಇಂದು ಪೂಜೆಯ ವಿಗ್ರಹವಾಗಿಬಿಡುತ್ತದೆ. ನಾವಡರ ತರುವಾಯ ಬಂದ ಹುಡುಗರಲ್ಲಿ ಅನೇಕರು ಅವರ ಕ್ಯಾಸೆಟ್ಟನ್ನೇ ಗುರುವೆಂದು ಬಗೆದರು. ಅವರು ದನಿಯನ್ನು ಎಲ್ಲಿ ಎಳೆದರೋ ಅಲ್ಲಿಯೇ ಎಳೆದರು, ಎಲ್ಲಿ ಉಸಿರು ನಿಲ್ಲಿಸಿದರೋ ಅಲ್ಲಿಯೇ ನಿಲ್ಲಿಸಿದರು. ಸಭೆಯೂ “ಥೇಟ್ ನಾವಡರೇ!” ಎಂದು ಚಪ್ಪಾಳೆ ತಟ್ಟಿತು. ಆ ಚಪ್ಪಾಳೆ ಹುಡುಗನಿಗೂ ಸಲ್ಲಲಿಲ್ಲ, ನಾವಡರಿಗೂ ಸಲ್ಲಲಿಲ್ಲ. ಏಕೆಂದರೆ ನಾವಡರು ಹೆಸರು ಪಡೆದದ್ದು ತಮ್ಮ ಗುರುವನ್ನು ಅನುಕರಿಸಿದುದರಿಂದಲ್ಲ. ಗುರುವಿನಿಂದ ರಂಗದ ಹಿಡಿತವನ್ನು ಕಲಿತು, ದನಿಯನ್ನು ತಮ್ಮದಾಗಿ ಉಳಿಸಿಕೊಂಡುದರಿಂದ.

ಇದಕ್ಕೆ ಸಾಕ್ಷಿ ದೂರದಲ್ಲಿಲ್ಲ. ಗೋಕರ್ಣದ ಕಡೆಯಿಂದ ಬಂದ ಸುಬ್ರಹ್ಮಣ್ಯ ಧಾರೇಶ್ವರರು ಮೇಳಕ್ಕೆ ಸೇರಿದುದು ದೀಪದ ಕೆಲಸದವರಾಗಿ. ಅವರ ಕಂಠವನ್ನು ಗುರುತಿಸಿ ಭಾಗವತಿಕೆಯ ದಾರಿಗೆ ಹಚ್ಚಿದವರೂ ಅದೇ ಉಪ್ಪೂರರು. ಧಾರೇಶ್ವರರು ಪೆರ್ಡೂರು ಮೇಳದಲ್ಲಿ ಬಹುಕಾಲ ಮೆರೆದು, 2024ರ ಏಪ್ರಿಲಿನಲ್ಲಿ ನಿಧನರಾದರು. ಒಬ್ಬನೇ ಗುರು, ಇಬ್ಬರು ಶಿಷ್ಯರು. ಆದರೂ ಒಬ್ಬರ ಪದ್ಯವನ್ನು ಇನ್ನೊಬ್ಬರದೆಂದು ಯಾರೂ ಭ್ರಮಿಸಲಾರರು. ತೆಂಕುತಿಟ್ಟಿನತ್ತ ನೋಡಿದರೆ ಬಲಿಪ ನಾರಾಯಣ ಭಾಗವತರಿದ್ದರು. 1938ರಲ್ಲಿ ಹುಟ್ಟಿ 2023ರವರೆಗೆ ಬಾಳಿದ ಅವರು ಅಜ್ಜನಿಂದ ಬಂದ ಹಳೆಯ ನಡೆಯನ್ನು ಬಿಟ್ಟುಕೊಡದೆಯೇ ಜನರ ಪ್ರೀತಿಯನ್ನು ಗಳಿಸಿದರು. ಹೊಸದನ್ನು ತಂದ ನಾವಡರಿಗೂ ಹಳೆಯದನ್ನು ಕಾಯ್ದ ಬಲಿಪರಿಗೂ ಸಮಾನವಾದುದು ಒಂದೇ ಸಂಗತಿ: ಇಬ್ಬರ ಪದ್ಯವೂ ಪಾತ್ರಕ್ಕಾಗಿ ಹುಟ್ಟಿದ್ದು.

ಇಂದಿನ ತರುಣ ಭಾಗವತನ ಸ್ಥಿತಿ ಬೇರೆ. ಹಲವು ಆಟಗಳು ಕಾಲಮಿತಿಗೆ ಒಳಗಾಗಿ ನಡುವಿರುಳಿನ ಸುಮಾರಿಗೆ ಮುಗಿಯುತ್ತವೆ. ಸಂಗೀತಗಾರನಾಗಿ ವರ್ಷಗಟ್ಟಲೆ ಕಾಯುವ ಸಂಜೆಗಳು ಕಡಿಮೆಯಾಗಿವೆ. ವೇಷವೇ ಇಲ್ಲದೆ ಪದ್ಯಗಳನ್ನು ಮಾತ್ರ ಹಾಡುವ ಗಾನವೈಭವ, ಇಬ್ಬರು ಭಾಗವತರನ್ನು ಎದುರುಬದುರು ಕುಳ್ಳಿರಿಸುವ ದ್ವಂದ್ವ ಗಾಯನ ಜನಪ್ರಿಯವಾಗಿವೆ. ಸಭೆಯಲ್ಲಿ ಕುಳಿತವನೊಬ್ಬ ಮೊಬೈಲನ್ನು ಎತ್ತಿಹಿಡಿದರೆ, ಪದ್ಯದ ಒಂದು ತುಣುಕು ಬೆಳಗಾಗುವ ಮೊದಲೇ ಸಾವಿರ ಮನೆಗಳನ್ನು ಸೇರುತ್ತದೆ. ಕ್ಯಾಸೆಟ್ಟಿನಲ್ಲಾದರೂ ಇಡೀ ಪ್ರಸಂಗವಿರುತ್ತಿತ್ತು. ಈ ತುಣುಕಿನಲ್ಲಿ ಸ್ವರ ಏರಿದ ಜಾಗ ಮಾತ್ರ ಇರುತ್ತದೆ; ಅದು ಯಾರಿಗಾಗಿ, ಯಾವ ನೋವಿಗಾಗಿ ಏರಿತೆಂಬುದು ಇರುವುದಿಲ್ಲ. ಇಪ್ಪತ್ತರ ಹುಡುಗನಿಗೆ ಜನ ಸಿಳ್ಳೆ ಹೊಡೆದ ಜಾಗವೇ ಪಾಠವಾದರೆ, ನಾಳೆ ಅವನು ಪ್ರತಿ ಪದ್ಯದಲ್ಲಿಯೂ ಸಿಳ್ಳೆಯನ್ನೇ ಹುಡುಕುತ್ತಾನೆ. ಕಂಠವೂ ಬೇಗನೆ ಸವೆಯುತ್ತದೆ.

ಉಡುಪಿಯ ಯಕ್ಷಗಾನ ಕೇಂದ್ರ, ಹಂಗಾರಕಟ್ಟೆಯ ಕಲಾಕೇಂದ್ರದಂಥ ಸಂಸ್ಥೆಗಳು ತಾಳ, ಮಟ್ಟು, ಪ್ರಸಂಗಜ್ಞಾನಗಳನ್ನು ಕಲಿಸಬಲ್ಲವು. ನಾವಡರ ಹೆಸರಿನಲ್ಲಿ ಪ್ರಶಸ್ತಿಯೂ ಕೊಡಲ್ಪಡುತ್ತಿದೆ. ಆದರೆ ಭಾಗವತನನ್ನು ಕೊನೆಗೆ ರೂಪಿಸುವುದು ಸಭೆಯ ಕಿವಿ. ಆ ಕಿವಿ ಈಗ ಹಳ್ಳಿಯ ಗದ್ದೆಯಲ್ಲಿ ಮಾತ್ರವಿಲ್ಲ. ರವೀಂದ್ರ ಕಲಾಕ್ಷೇತ್ರದ ಮೆತ್ತೆಯ ಕುರ್ಚಿಯಲ್ಲಿಯೂ ಇದೆ, ಮಳೆಗಾಲದಲ್ಲಿ ಮೇಳವನ್ನು ಬರಮಾಡಿಕೊಳ್ಳುವ ನಗರದ ಕುಟುಂಬಗಳಲ್ಲಿಯೂ ಇದೆ. ಅಂಥ ಕುಟುಂಬಗಳು ಆಟಕ್ಕೆ ಹೊರಡುವ ಮುನ್ನ ಮಕ್ಕಳಿಗೆ ಪ್ರಸಂಗದ ಕಥೆಯನ್ನು ಹೇಳಿಟ್ಟರೆ, ಪದ್ಯದ ಮಾತಿಗೆ ಕಿವಿಗೊಡುವುದನ್ನು ಕಲಿಸಿದರೆ, ಅದಕ್ಕಿಂತ ದೊಡ್ಡ ಪ್ರೋತ್ಸಾಹ ಬೇರೊಂದಿಲ್ಲ. ಆಟ ಮುಗಿದ ಮೇಲೆ ಚೌಕಿಗೆ ಹೋಗಿ, “ಪದ್ಯ ಬಹಳ ಚೆನ್ನಾಗಿತ್ತು” ಎಂದು ಹೇಳಿ ಬರುವುದು ಸೌಜನ್ಯ. ಇಂಥ ಪದ್ಯದಲ್ಲಿ ಪಾತ್ರದ ದುಃಖ ಎದೆಗೆ ನಾಟಿತು, ಇಂಥದರಲ್ಲಿ ಅಕ್ಷರ ಕೇಳಿಸಲಿಲ್ಲ ಎಂದು ಹೇಳುವುದು ಅದಕ್ಕಿಂತ ಹೆಚ್ಚಿನ ಸ್ನೇಹ. ಗುಂಡ್ಮಿಯ ತರುಣನಿಗೆ ಆ ಎರಡು ಬಗೆಯ ಶ್ರೋತೃಗಳೂ ದೊರೆತಿದ್ದರು. ಇಂದು ಸಂಜೆ ಕೋಡಂಗಿಯ ಕುಣಿತಕ್ಕೆ ತಾಳ ಹಿಡಿದು ಕುಳಿತಿರುವ ಹೊಸ ಹುಡುಗನಿಗೂ ಅವರಿಬ್ಬರೂ ಬೇಕು.